ನೀರಿನಲ್ಲಿ ಕೆಲಸ ಮಾಡುವುದು ಯಾರು? ದೀಕ್ಷಾಸ್ನಾನ ಮತ್ತು ರಕ್ಷಣೆಯ ಹಳೇ ಪ್ರಶ್ನೆ

ಮಗುವಾಗಿದ್ದಾಗ ಸಿಎಸ್‌ಐ (ದಕ್ಷಿಣ ಭಾರತ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ತಲೆಗೆ ನೀರು ಹಾಕಿಸಿಕೊಂಡ ಹುಡುಗ ದೊಡ್ಡವನಾಗಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಬರುತ್ತಾನೆ. ಗೆಳೆಯರ ಜೊತೆ ಪೆಂತೆಕೋಸ್ತ್ ಸಭೆಗೆ ಹೋಗಲು ಶುರು ಮಾಡುತ್ತಾನೆ. ಸ್ವಲ್ಪ ದಿನವಾದ ಮೇಲೆ ಪಾಸ್ಟರ್ ಕೇಳುತ್ತಾರೆ: ದೀಕ್ಷಾಸ್ನಾನ ಯಾವಾಗ ತಗೊಳ್ತೀಯಾ? ಆಗಿದೆಯಲ್ಲ ಅಂದರೆ, ಅದು ದೀಕ್ಷಾಸ್ನಾನವೇ ಅಲ್ಲ ಅನ್ನುತ್ತಾರೆ. ಇವನು ನೀರಿಗಿಳಿದರೆ ಊರಿನಲ್ಲಿರುವ ಅಪ್ಪ ಅಮ್ಮನಿಗೆ ಬೇಜಾರು. ಇಳಿಯದಿದ್ದರೆ ಹೊಸ ಸಭೆಯಲ್ಲಿ ಇವನಿನ್ನೂ ಹೊರಗಿನವನು. ಕರ್ನಾಟಕದ ಕ್ರೈಸ್ತ ಮನೆಗಳಿಗೆ ಇದು ಹೊಸ ಕಥೆಯೇನಲ್ಲ.

ಇದರ ಹಿಂದಿರುವ ಪ್ರಶ್ನೆ ಮಾತ್ರ ಸಭೆಯಷ್ಟೇ ಹಳೆಯದು. ಮನುಷ್ಯನಿಗೆ ರಕ್ಷಣೆ ಸಿಗಬೇಕಾದರೆ, ಅಂದರೆ ಪಾಪದಿಂದ ಬಿಡುಗಡೆಯಾಗಿ ದೇವರ ಜೊತೆ ಸಂಬಂಧ ಸರಿಹೋಗಬೇಕಾದರೆ, ನೀರಿನ ದೀಕ್ಷಾಸ್ನಾನ ಬೇಕೇ ಬೇಕಾ? ನಂಬಿಕೆಯೊಂದೇ ಸಾಕಲ್ವಾ? ಸಾಕು ಅನ್ನುವುದಾದರೆ ಯೇಸು ತಮ್ಮ ಶಿಷ್ಯರಿಗೆ ಇದನ್ನು ಯಾಕೆ ಒಪ್ಪಿಸಿದರು?

ಒಂದೊಂದು ಸಭೆಯದೂ ಒಂದೊಂದು ಉತ್ತರ. ಆ ಉತ್ತರಗಳನ್ನೆಲ್ಲ ಸಾಲಾಗಿ ಬರೆದಿಟ್ಟುಕೊಂಡರೆ ತಲೆ ಕೆಡುತ್ತದೆ ಅಷ್ಟೇ. ಅದರ ಬದಲು ಒಂದೇ ಒಂದು ವಿಷಯ ಕೇಳಿಕೊಳ್ಳಿ: ಆ ನೀರಿನಲ್ಲಿ ಕೆಲಸ ಮಾಡುತ್ತಿರುವುದು ಯಾರು? ದೇವರು ಅನ್ನುವವರು ಒಂದು ದಾರಿ ಹಿಡಿಯುತ್ತಾರೆ. ನೀರಿಗಿಳಿಯುವ ಮನುಷ್ಯ ಅನ್ನುವವರು ಇನ್ನೊಂದು ದಾರಿ. ಮಗುವಿಗೆ ಕೊಡಬಹುದಾ, ಎರಡನೇ ಸಲ ತಗೋಬಹುದಾ, ತಗೊಳ್ಳದೆ ಸತ್ತವರ ಗತಿ ಏನು ಎಂಬ ಜಗಳಗಳೆಲ್ಲ ಹೆಚ್ಚುಕಮ್ಮಿ ಅಲ್ಲಿಂದಲೇ ಹುಟ್ಟುತ್ತವೆ.

ಎರಡೂ ಕಡೆಗೆ ವಚನಗಳಿವೆ

ಬೈಬಲ್‌ನಲ್ಲೇ ಸ್ಪಷ್ಟವಾಗಿದೆಯಲ್ಲ ಅಂತ ಎರಡೂ ಕಡೆಯವರು ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನೀರು ಬೇಕು ಅನ್ನುವವರು ಮೊದಲು ತೆರೆಯುವುದು ಯೋಹಾನನ ಸುವಾರ್ತೆಯ 3ನೇ ಅಧ್ಯಾಯ. ರಾತ್ರಿ ಹೊತ್ತು ಬಂದ ನಿಕೊದೇಮನಿಗೆ ಯೇಸು, ನೀರಿನಿಂದಲೂ ಆತ್ಮದಿಂದಲೂ ಹುಟ್ಟದಿದ್ದರೆ ದೇವರ ರಾಜ್ಯ ಸೇರಲಾಗದು ಅನ್ನುತ್ತಾರೆ. ಪಂಚಾಶತ್ತಮ ಹಬ್ಬದ ದಿನ ಯೆರೂಸಲೇಮಿನ ಜನ ನಾವೇನು ಮಾಡಬೇಕು ಅಂತ ಕೇಳಿದಾಗ ಪೇತ್ರನ ಉತ್ತರ ಅಪೊಸ್ತಲರ ಕೃತ್ಯಗಳು 2:38ರಲ್ಲಿದೆ. ಮನಸ್ಸು ತಿರುಗಿಸಿಕೊಳ್ಳಿ, ಪಾಪಗಳ ಕ್ಷಮೆಗಾಗಿ ಯೇಸು ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಳ್ಳಿ. ಪೌಲನಿಗೆ ಅನನೀಯ ಹೇಳಿದ ಮಾತು ಇನ್ನೂ ನೇರ: ಎದ್ದು ದೀಕ್ಷಾಸ್ನಾನ ಮಾಡಿಸಿಕೊಂಡು ನಿನ್ನ ಪಾಪ ತೊಳೆದುಕೋ.

ಆಚೆ ಕಡೆಯವರ ಕೈಯಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯವಿದೆ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಯಾರೂ ಹೊಗಳಿಕೊಳ್ಳದ ಹಾಗೆ ಅದು ಕ್ರಿಯೆಗಳಿಂದ ಬರುವುದಿಲ್ಲ. ಕೊರಿಂಥದವರಿಗೆ ಬರೆಯುವಾಗ ಪೌಲ ಇನ್ನೂ ಮುಂದೆ ಹೋಗುತ್ತಾನೆ. ಕ್ರಿಸ್ಪ, ಗಾಯ, ಸ್ತೆಫನನ ಮನೆಯವರು, ಇವರನ್ನು ಬಿಟ್ಟರೆ ನಿಮ್ಮಲ್ಲಿ ಬೇರೆ ಯಾರಿಗಾದರೂ ದೀಕ್ಷಾಸ್ನಾನ ಮಾಡಿಸಿದ್ದು ನೆನಪಿಲ್ಲ ಅನ್ನುತ್ತಾನೆ. ಕ್ರಿಸ್ತ ನನ್ನನ್ನು ಕಳಿಸಿದ್ದು ಅದಕ್ಕಲ್ಲ, ಸುವಾರ್ತೆ ಸಾರಲಿಕ್ಕೆ ಅನ್ನುತ್ತಾನೆ. ನೀರೇ ರಕ್ಷಣೆಯ ಬಾಗಿಲು ಅಂತ ನಂಬಿದವನು ಇಷ್ಟು ಸಲೀಸಾಗಿ ಮರೆತೆ ಅಂತ ಬರೆಯುತ್ತಿದ್ದನಾ? ಇನ್ನು ಯೇಸುವಿನ ವಿಷಯ. ದೀಕ್ಷಾಸ್ನಾನ ಮಾಡಿಸುತ್ತಿದ್ದವರು ಅವರ ಶಿಷ್ಯರು, ಯೇಸು ತಾವೇ ಮಾಡಿಸಲಿಲ್ಲ ಅಂತ ಯೋಹಾನ 4:2 ಹೇಳುತ್ತದೆ. ಈ ವಚನವನ್ನು ಪ್ರಸಂಗಗಳಲ್ಲಿ ಜಾಸ್ತಿ ಕೇಳುವುದಿಲ್ಲ.

ಮಾರ್ಕ 16:16 ಎಲ್ಲರಿಗೂ ಬಾಯಿಪಾಠ. ನಂಬಿ ದೀಕ್ಷಾಸ್ನಾನ ಮಾಡಿಸಿಕೊಂಡವನಿಗೆ ರಕ್ಷಣೆ, ನಂಬದವನಿಗೆ ದಂಡನೆ. ಮೊದಲ ಅರ್ಧದಲ್ಲಿ ಎರಡು ಷರತ್ತು, ಎರಡನೇ ಅರ್ಧದಲ್ಲಿ ಒಂದೇ. ದೀಕ್ಷಾಸ್ನಾನ ಆಗದವನಿಗೆ ದಂಡನೆ ಅಂತ ಅಲ್ಲಿಲ್ಲ. ಇನ್ನೊಂದು ತೊಡಕೂ ಇದೆ. 4ನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಾದ ಸಿನಾಯ್ಟಿಕಸ್ ಮತ್ತು ವ್ಯಾಟಿಕಾನಸ್‌ಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ ಮುಗಿದುಹೋಗುತ್ತದೆ. ಈ ವಚನವೊಂದರ ಮೇಲೆಯೇ ಇಡೀ ಸಿದ್ಧಾಂತ ನಿಲ್ಲಿಸುವುದು ಕಷ್ಟ.

ನನಗೆ ತುಂಬಾ ಹಿಡಿಸುವುದು 1 ಪೇತ್ರ 3:21. ನೋಹನ ಕಾಲದ ಜಲಪ್ರಳಯದ ಮಾತು ಎತ್ತಿ ಪತ್ರ ಹೇಳುತ್ತದೆ: ದೀಕ್ಷಾಸ್ನಾನ ಈಗ ನಿಮ್ಮನ್ನು ರಕ್ಷಿಸುತ್ತದೆ. ಅದೇ ಉಸಿರಿನಲ್ಲಿ, ಇದು ಮೈಕೊಳೆ ತೆಗೆಯುವ ಸ್ನಾನವಲ್ಲ, ಒಳ್ಳೆಯ ಮನಸ್ಸಾಕ್ಷಿಯಿಂದ ದೇವರಿಗೆ ಇಡುವ ಮೊರೆ ಅನ್ನುತ್ತದೆ. ಒಂದೇ ವಚನ ಎರಡೂ ಕಡೆಗೆ ಸಾಕ್ಷಿ ಹೇಳುತ್ತಿದೆ. ಮೊದಲ ಅರ್ಧ ಓದಿ ನಿಲ್ಲಿಸಿದರೆ ಒಂದು ಸಭೆ, ಪೂರ್ತಿ ಓದಿ ಕೊನೆಯ ಮಾತಿಗೆ ಒತ್ತು ಕೊಟ್ಟರೆ ಇನ್ನೊಂದು ಸಭೆ.

ಅಪೊಸ್ತಲರ ಕೃತ್ಯಗಳು: ಕ್ರಮವೇ ತಪ್ಪುತ್ತದೆ

ಸಿದ್ಧಾಂತದ ವಚನ ಬಿಟ್ಟು ನಡೆದ ಘಟನೆಗಳನ್ನು ನೋಡಿದರೆ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ನಂಬಿಕೆ, ನೀರು, ಪವಿತ್ರಾತ್ಮ ಈ ಮೂರೂ ಅಪೊಸ್ತಲರ ಕೃತ್ಯಗಳಲ್ಲಿ ಪದೇ ಪದೇ ಬರುತ್ತವೆ, ಆದರೆ ಪ್ರತಿ ಸಲ ಒಂದೇ ಸಾಲಿನಲ್ಲಿ ಬರುವುದಿಲ್ಲ.

ಸಮಾರ್ಯದಲ್ಲಿ ಜನ ನಂಬಿ ದೀಕ್ಷಾಸ್ನಾನ ಮಾಡಿಸಿಕೊಂಡರು, ಪವಿತ್ರಾತ್ಮ ಮಾತ್ರ ಬರಲಿಲ್ಲ. ಪೇತ್ರ, ಯೋಹಾನ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕಾಯಿತು. ಅದೇ ಊರಿನ ಮಂತ್ರವಾದಿ ಸೀಮೋನನೂ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದ. ಆಮೇಲೆ ಈ ಶಕ್ತಿ ನನಗೂ ಕೊಡಿ ಅಂತ ದುಡ್ಡು ಮುಂದಿಟ್ಟ. ನಿನಗಿದರಲ್ಲಿ ಪಾಲಿಲ್ಲ, ನಿನ್ನ ಹೃದಯ ನೆಟ್ಟಗಿಲ್ಲ ಅಂತ ಪೇತ್ರ ಬೈದು ಕಳಿಸಿದ. ಅಂದರೆ ನೀರು ಬಿದ್ದ ಮಾತ್ರಕ್ಕೆ ಎಲ್ಲಾ ಮುಗಿಯಲಿಲ್ಲ.

ಕೈಸರೈಯದಲ್ಲಿ ಇದು ಪೂರ್ತಿ ತಿರುಗಾಮುರುಗಾ. ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ಪೇತ್ರ ಇನ್ನೂ ಮಾತಾಡುತ್ತಿದ್ದಾನೆ, ಕೇಳುತ್ತಿದ್ದವರ ಮೇಲೆ ಪವಿತ್ರಾತ್ಮ ಇಳಿದೇಬಿಟ್ಟ. ನೀರಿನ ಮಾತೇ ಬಂದಿರಲಿಲ್ಲ. ಇವರು ಯೆಹೂದ್ಯರೂ ಅಲ್ಲ. ನಂಬಿದ ಮೇಲೆಯೇ ದೀಕ್ಷಾಸ್ನಾನ ಅನ್ನುವ ಬ್ಯಾಪ್ಟಿಸ್ಟರ ವಾದಕ್ಕೆ ಇದಕ್ಕಿಂತ ಗಟ್ಟಿ ಘಟನೆ ಇನ್ನೊಂದಿಲ್ಲ: ದೇವರು ಅವರನ್ನು ಒಪ್ಪಿಕೊಂಡ ಮೇಲೆ ನೀರು ಬಂತು. ಆದರೆ ಮುಂದೆ ಪೇತ್ರ ಮಾಡಿದ್ದನ್ನೂ ನೋಡಬೇಕು. ಇವರಿಗೆ ಆತ್ಮವೇ ಸಿಕ್ಕಿದೆ, ಇನ್ನು ನೀರೇಕೆ ಅಂತ ಅವನು ಹೇಳಲಿಲ್ಲ. ಆತ್ಮ ಸಿಕ್ಕಿದ ಮೇಲೆ ನೀರನ್ನು ತಡೆಯುವವರು ಯಾರು ಅಂತ ಕೇಳಿ ದೀಕ್ಷಾಸ್ನಾನ ಮಾಡಿಸಿದ.

ಎಫೆಸದಲ್ಲಿ ಸುಮಾರು ಹನ್ನೆರಡು ಜನಕ್ಕೆ ಸ್ನಾನಿಕ ಯೋಹಾನನ ದೀಕ್ಷಾಸ್ನಾನ ಮೊದಲೇ ಆಗಿತ್ತು. ಪವಿತ್ರಾತ್ಮ ಅನ್ನುವುದಿದೆ ಅಂತಲೂ ಅವರು ಕೇಳಿರಲಿಲ್ಲ. ಪೌಲ ಅವರಿಗೆ ಯೇಸುವಿನ ಹೆಸರಿನಲ್ಲಿ ಮತ್ತೆ ಮಾಡಿಸಿದ. ಫಿಲಿಪ್ಪಿಯಲ್ಲಿ ಭೂಕಂಪದ ರಾತ್ರಿ ಸೆರೆಮನೆಯ ಅಧಿಕಾರಿ ರಕ್ಷಣೆಗೆ ಏನು ಮಾಡಬೇಕು ಅಂತ ಕೇಳಿದಾಗ ಸಿಕ್ಕಿದ ಉತ್ತರದಲ್ಲಿ ನೀರೇ ಇಲ್ಲ: ಕರ್ತನಾದ ಯೇಸುವನ್ನು ನಂಬು. ಆದರೆ ಬೆಳಗಾಗುವ ತನಕವೂ ಕಾಯದೆ, ಅದೇ ಹೊತ್ತಿನಲ್ಲಿ ಅವನಿಗೂ ಅವನ ಮನೆಯವರೆಲ್ಲರಿಗೂ ದೀಕ್ಷಾಸ್ನಾನ ಆಯಿತು. ಆ ಮನೆಯಲ್ಲಿ ಕೈಗೂಸುಗಳಿದ್ದವಾ ಅನ್ನುವುದರ ಮೇಲೆ ಜನ ಪುಸ್ತಕಗಟ್ಟಲೆ ವಾದ ಮಾಡಿದ್ದಾರೆ. ಪಠ್ಯ ಹೇಳುವುದಿಲ್ಲ, ಅಷ್ಟೇ.

ಇದನ್ನೆಲ್ಲ ಓದಿದರೆ ಒಂದು ವಿಷಯ ಕಾಣುತ್ತದೆ. ನಂಬಿ, ಬೇಕೆಂದೇ ನೀರು ಬಿಟ್ಟು ಆರಾಮಾಗಿ ಕೂತ ಒಬ್ಬ ಶಿಷ್ಯನೂ ಆ ಪುಸ್ತಕದಲ್ಲಿ ಸಿಗುವುದಿಲ್ಲ. ಅವರಿಗೆ ನಂಬುವುದೂ ನೀರಿಗಿಳಿಯುವುದೂ ಒಂದೇ ದಿನದ ಕೆಲಸ. ಎರಡರ ನಡುವೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಂತರ ಬಂದಿದ್ದು ಆಮೇಲೆ. ಅಂತರ ಬಂದ ಮೇಲೆಯೇ ರಕ್ಷಣೆ ಯಾವ ಕ್ಷಣದಲ್ಲಿ ಆಯಿತು ಅನ್ನುವ ಪ್ರಶ್ನೆಗೂ ಜೀವ ಬಂತು.

ಶಿಲುಬೆಯ ಮೇಲಿನ ಕಳ್ಳನನ್ನು ಇಲ್ಲೇ ಮುಗಿಸಿಬಿಡೋಣ. ಇಂದೇ ನನ್ನ ಸಂಗಡ ಪರದೈಸಿನಲ್ಲಿರುವೆ ಅಂತ ಯೇಸು ಅವನಿಗೆ ಮಾತು ಕೊಟ್ಟರು, ಅವನಿಗೆ ದೀಕ್ಷಾಸ್ನಾನ ಆಗಿರಲಿಲ್ಲ. ನೀರು ಬೇಡ ಅನ್ನುವವರ ನೆಚ್ಚಿನ ಉದಾಹರಣೆ ಇದು. ಬೇಕು ಅನ್ನುವವರು, ಎಲ್ಲಾ ಜನಾಂಗಗಳಿಗೂ ದೀಕ್ಷಾಸ್ನಾನ ಮಾಡಿಸಿ ಅನ್ನುವ ಆಜ್ಞೆ ಬಂದಿದ್ದು ಪುನರುತ್ಥಾನದ ನಂತರ, ಕಳ್ಳ ಅದಕ್ಕೂ ಮುಂಚೆ ಸತ್ತ ಅನ್ನುತ್ತಾರೆ. ಶಿಲುಬೆಗೆ ಮೊಳೆ ಹೊಡೆಸಿಕೊಂಡವನು ನೀರಿಗೆ ಎಲ್ಲಿ ಹೋಗಬೇಕಿತ್ತು? ಅವನಿಂದ ಗೊತ್ತಾಗುವುದು ಇಷ್ಟು: ಆಗದವನಿಂದ ದೇವರು ಕೇಳುವುದಿಲ್ಲ. ಆಗುವವನು ಬಿಡಬಹುದಾ ಅನ್ನುವುದಕ್ಕೆ ಅವನಲ್ಲಿ ಉತ್ತರವಿಲ್ಲ.

ಹರಿಯುವ ನೀರಿನಿಂದ ಸಾವಿನ ಹಾಸಿಗೆಗೆ

ದಿದಾಖೆ ಅನ್ನುವ ಬಹಳ ಹಳೆಯ ಕ್ರೈಸ್ತ ಕೈಪಿಡಿಯಲ್ಲಿ ಸೂಚನೆಗಳಿವೆ. ಹರಿಯುವ ನೀರಿನಲ್ಲಿ ಮಾಡಿಸಿ. ಇಲ್ಲದಿದ್ದರೆ ಬೇರೆ ನೀರು. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ. ಮುಳುಗಿಸಬೇಕಾ, ಸುರಿಯಬೇಕಾ ಅಂತ ಇವತ್ತು ಕಚ್ಚಾಡುವವರಿಗಿಂತ ಆ ಕಾಲದವರು ಎಷ್ಟೋ ನಿರಾಳವಾಗಿದ್ದರು ಅನಿಸುತ್ತದೆ.

ನೀರಿನ ಅರ್ಥದ ವಿಷಯದಲ್ಲಿ ಮಾತ್ರ ಅವರು ಹಗುರವಾಗಿರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಹೇಳುವಂತೆ, ಅವರ ಮಟ್ಟಿಗೆ ಅದು ಕ್ರಿಸ್ತನ ಜೊತೆ ಹೂಳಲ್ಪಟ್ಟು ಎದ್ದು ಬರುವುದು. 4ನೇ ಶತಮಾನದ ಯೆರೂಸಲೇಮಿನಲ್ಲಿ ಹೊಸಬರಿಗೆ ಮಾಡಿದ ಉಪದೇಶವೊಂದರಲ್ಲಿ, ಆ ನೀರೇ ನಿಮಗೆ ಸಮಾಧಿಯೂ ಆಯಿತು, ತಾಯಿಯೂ ಆಯಿತು ಅನ್ನುವ ಮಾತಿದೆ. ಹಿಂದಿನ ಪಾಪವೆಲ್ಲ ಅಲ್ಲಿ ನಿಜವಾಗಿ ತೊಳೆದುಹೋಗುತ್ತದೆ ಅಂತ ಅವರು ನಂಬಿದ್ದರು. ಆ ನಂಬಿಕೆಯಿಂದ ಒಂದು ವಿಚಿತ್ರ ಲೆಕ್ಕಾಚಾರವೂ ಹುಟ್ಟಿತು. ಎಲ್ಲಾ ಪಾಪ ಒಂದೇ ಸಲ ತೊಳೆಯುವುದಾದರೆ, ಆ ಒಂದು ಸಲವನ್ನು ಬೇಗ ಯಾಕೆ ಖರ್ಚು ಮಾಡಬೇಕು? ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರ ಪರ ನಿಂತಿದ್ದು 312ರ ಸುಮಾರಿಗೆ. ಸಭೆಯ ಮಹಾಸಮ್ಮೇಳನವನ್ನೇ ಕರೆದ. ದೀಕ್ಷಾಸ್ನಾನ ಮಾತ್ರ 337ರಲ್ಲಿ, ಸಾಯುವ ಮುಂಚೆ. ಮುಂದೆ ದೊಡ್ಡ ದೈವಶಾಸ್ತ್ರಜ್ಞನಾದ ಅಗಸ್ಟಿನ್ ಹುಡುಗನಾಗಿದ್ದಾಗ ಕಾಯಿಲೆ ಬಿದ್ದು ಇನ್ನೇನು ದೀಕ್ಷಾಸ್ನಾನ ಕೊಡಬೇಕು ಅನ್ನುವಷ್ಟರಲ್ಲಿ ಚೇತರಿಸಿಕೊಂಡ. ಮನೆಯವರು ಮುಂದಕ್ಕೆ ಹಾಕಿದರು. ಮುಂದೆ ಇನ್ನೂ ಪಾಪ ಮಾಡುತ್ತಾನೆ ಅನ್ನುವ ಲೆಕ್ಕವೇ ಇದಕ್ಕೆ ಕಾರಣ ಅಂತ ಅವನೇ ಬರೆದುಕೊಂಡಿದ್ದಾನೆ. ಕೊನೆಗೆ 387ರ ಈಸ್ಟರ್‌ನಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಅವನಿಗೆ ದೀಕ್ಷಾಸ್ನಾನ ಕೊಟ್ಟರು. ಆ ಆಂಬ್ರೋಸರ ಕಥೆಯೂ ಮಜವಾಗಿದೆ. 374ರಲ್ಲಿ ಜನ ಅವರನ್ನು ಬಿಷಪ್ ಅಂತ ಆರಿಸಿದಾಗ ಅವರಿಗೇ ದೀಕ್ಷಾಸ್ನಾನ ಆಗಿರಲಿಲ್ಲ!

ದೀಕ್ಷಾಸ್ನಾನಕ್ಕೆ ಮುಂಚೆಯೇ ಹುತಾತ್ಮರಾದವರಿಗೆ ಅವರ ರಕ್ತವೇ ದೀಕ್ಷಾಸ್ನಾನ ಅಂತ ಸಭೆ ಬೇಗನೆ ಒಪ್ಪಿಕೊಂಡಿತು. 392ರಲ್ಲಿ ಯುವ ಚಕ್ರವರ್ತಿ ಎರಡನೇ ವ್ಯಾಲೆಂಟಿನಿಯನ್ ದೀಕ್ಷಾಸ್ನಾನ ಬಯಸಿ, ಸಿಗುವ ಮುಂಚೆ ಸತ್ತ. ಅವನು ಬಯಸಿದ್ದು ಅವನಿಗೆ ಸಿಕ್ಕಿತು ಅಂತ ಆಂಬ್ರೋಸ್ ಶವಸಂಸ್ಕಾರದ ಮಾತಿನಲ್ಲಿ ದುಃಖಿಸುತ್ತಿದ್ದವರಿಗೆ ಧೈರ್ಯ ಹೇಳಿದರು. ಬಯಕೆಯ ದೀಕ್ಷಾಸ್ನಾನ ಅನ್ನುವ ವಿಚಾರ ಮುಂದೆ ಕಥೋಲಿಕ ಬೋಧನೆಯಲ್ಲಿ ಬೇರೂರಿತು. ನೀರು ಬೇಕೇ ಬೇಕು ಅನ್ನುತ್ತಿದ್ದ ಸಭೆಯೇ ನೀರಿಲ್ಲದವರಿಗೆ ದಾರಿ ಹುಡುಕುತ್ತಿತ್ತು.

ಅಗಸ್ಟಿನ್ ಕಟ್ಟಿದ ಗೋಡೆ

ಉತ್ತರ ಆಫ್ರಿಕಾದಲ್ಲಿ ದೊನಾತಿಸ್ಟರು ಅನ್ನುವ ಗುಂಪೊಂದಿತ್ತು. ಹಿಂಸೆಯ ಕಾಲದಲ್ಲಿ ಹೆದರಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಬಿಷಪ್ಪರಿಂದ ಬಂದ ದೀಕ್ಷಾಸ್ನಾನ ಕೆಟ್ಟುಹೋಗಿದೆ ಅಂತ ಅವರ ವಾದ. ಅಗಸ್ಟಿನ್ ಒಪ್ಪಲಿಲ್ಲ. ಪೇತ್ರ ಮಾಡಿಸಿದರೂ ಮಾಡಿಸುವವನು ಕ್ರಿಸ್ತ, ಯೂದ ಮಾಡಿಸಿದರೂ ಮಾಡಿಸುವವನು ಕ್ರಿಸ್ತ ಅಂದ. ನಮ್ಮ ಪ್ರಶ್ನೆಗೆ ಇದು ತುಂಬಾ ನೇರ ಉತ್ತರ. ಕೊಡುವವನ ಯೋಗ್ಯತೆ ಲೆಕ್ಕಕ್ಕಿಲ್ಲ ಅಂತಾಯಿತು. ಹಾಗಾದರೆ ತಗೊಳ್ಳುವವನ ಯೋಗ್ಯತೆ, ತಿಳಿವಳಿಕೆ? ಕೈಗೂಸಿಗೆ ಅದು ಇಲ್ಲದಿದ್ದರೆ ಏನಂತೆ, ಕೆಲಸ ಮಾಡುವುದು ದೇವರು ತಾನೇ.

ಈ ತರ್ಕಕ್ಕೆ ಒಂದು ಕಹಿ ಭಾಗವೂ ಇದೆ. ಮಗುವಿಗೂ ಪಾಪಕ್ಷಮೆಯ ಸ್ನಾನ ಕೊಡುತ್ತೇವೆ ಅಂದರೆ ಮಗುವಿಗೂ ಪಾಪವಿರಬೇಕು. ಅದೇ ಜನ್ಮಪಾಪ. ಹಾಗಿದ್ದರೆ ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸು? ತುಂಬಾ ಸೌಮ್ಯವಾದದ್ದೇ ಆದರೂ ಅದಕ್ಕೂ ದಂಡನೆ ಇದೆ ಅಂತ ಅಗಸ್ಟಿನ್ ಹೇಳಿದ. ಮಧ್ಯಯುಗದ ಪಂಡಿತರಿಗೆ ಇದು ಸಹಿಸಲಾಗದೆ, ನೋವಿಲ್ಲದ ಆದರೆ ದೇವರ ದರ್ಶನವೂ ಇಲ್ಲದ ಲಿಂಬೋ ಅನ್ನುವ ಸ್ಥಿತಿಯ ಮಾತಾಡಿದರು. ಕೂಸು ಕಳೆದುಕೊಂಡ ಎಷ್ಟು ತಾಯಂದಿರು ಆ ಒಂದು ಪದದ ಜೊತೆ ಬದುಕಿದರೋ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ, ಅಂಥ ಮಕ್ಕಳ ರಕ್ಷಣೆಯ ಬಗ್ಗೆ ಭರವಸೆಯಿಡಲು ಗಟ್ಟಿ ಕಾರಣಗಳಿವೆ ಅಂತ ಬರೆಯಿತು. ತಡವಾಯಿತು ಅಂತಲೇ ನನ್ನ ಅಭಿಪ್ರಾಯ.

ಇವತ್ತಿನ ಕಥೋಲಿಕ ಬೋಧನೆ 1992ರ ಧರ್ಮೋಪದೇಶ ಗ್ರಂಥದಲ್ಲಿ ಒಂದೇ ವಾಕ್ಯದಲ್ಲಿದೆ: ದೇವರು ರಕ್ಷಣೆಯನ್ನು ದೀಕ್ಷಾಸ್ನಾನದ ಸಂಸ್ಕಾರಕ್ಕೆ ಕಟ್ಟಿದ್ದಾನೆ, ಆದರೆ ತಾನು ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ. ನಮಗೆ ಗೊತ್ತಿರುವ ದಾರಿ ಇದು, ದೇವರ ಹತ್ತಿರ ಬೇರೆ ದಾರಿ ಇರಲಾರದು ಅಂತ ನಾವು ಹೇಳುವುದಿಲ್ಲ ಅಂತ ಅದರ ತಾತ್ಪರ್ಯ. ಅಗತ್ಯ ಅನ್ನುವ ಕಾರಣಕ್ಕೇ ತುರ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು ಅನ್ನುವ ನಿಯಮವೂ ಅವರಲ್ಲಿದೆ. ಹೆರಿಗೆ ವಾರ್ಡಿನ ನರ್ಸ್ ಹಿಂದೂ ಆಗಿದ್ದರೂ ಸರಿ, ಸಭೆ ಮಾಡುವುದನ್ನೇ ಮಾಡುವ ಉದ್ದೇಶದಿಂದ ನೀರು ಸುರಿದು ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರ ಹೆಸರಿನ ಮಾತು ಹೇಳಿದರೆ ಅದು ಪೂರ್ತಿ ದೀಕ್ಷಾಸ್ನಾನ.

ಆದರೆ ಮಾತು ತಪ್ಪಿದರೆ? 2020ರಲ್ಲಿ ವ್ಯಾಟಿಕನ್, ‘ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಅನ್ನುವ ಕಡೆ ‘ನಾವು’ ಅಂದಿದ್ದರೆ ಅದು ದೀಕ್ಷಾಸ್ನಾನವೇ ಅಲ್ಲ ಅಂತ ತೀರ್ಪು ಕೊಟ್ಟಿತು. ಅಮೆರಿಕದ ಡೆಟ್ರಾಯಿಟ್‌ನ ಪಾದ್ರಿಯೊಬ್ಬರು ತಮ್ಮ ಬಾಲ್ಯದ ವಿಡಿಯೋ ನೋಡಿದರೆ ಅದರಲ್ಲಿ ‘ನಾವು’ ಅಂತಿದೆ! ಅವರು ಮೊದಲಿನಿಂದ ಶುರು ಮಾಡಿ ದೀಕ್ಷಾಸ್ನಾನ ಪಡೆದು, ಮತ್ತೆ ಪಾದ್ರಿಯಾಗಿ ಅಭಿಷೇಕ ಪಡೆಯಬೇಕಾಯಿತು. ಸುಮ್ನೆ ಒಂದು ಪದಕ್ಕೆ ಇಷ್ಟಾ ಅಂತ ಹಲವರು ನಕ್ಕರು. ಆದರೆ ಅಗಸ್ಟಿನ್‌ನ ದಾರಿಯಲ್ಲಿ ನಿಂತು ನೋಡಿದರೆ ತೀರ್ಪು ನೇರವಾಗಿಯೇ ಇದೆ. ಪಾದ್ರಿಯ ಬಾಯಿಯ ‘ನಾನು’ ಕ್ರಿಸ್ತನದ್ದು. ‘ನಾವು’ ಅಂದಾಗ ನೆರೆದ ಜನ ಮಾಡುತ್ತಿದ್ದಾರೆ ಅಂತಾಗುತ್ತದೆ.

ಜೂರಿಕ್‌ನಲ್ಲಿ ನೀರು ಕೊಂದಿತು

ನಂಬಿಕೆಯಿಂದ ಮಾತ್ರ ರಕ್ಷಣೆ ಅಂದ ಜರ್ಮನಿಯ ಸುಧಾರಕ ಲೂಥರ್ ದೀಕ್ಷಾಸ್ನಾನವನ್ನು ಬದಿಗಿಡುತ್ತಾನೆ ಅಂತ ನೀವಂದುಕೊಂಡರೆ, ಇಲ್ಲ. ಅದು ಪಾಪಕ್ಷಮೆ ಕೊಡುತ್ತದೆ, ಸಾವು ಸೈತಾನರಿಂದ ಬಿಡಿಸುತ್ತದೆ ಅಂತ 1529ರ ಚಿಕ್ಕ ಧರ್ಮೋಪದೇಶದಲ್ಲಿ ಬರೆದ. ಬರೀ ನೀರು ಇದನ್ನು ಮಾಡುವುದಿಲ್ಲ, ನೀರಿನ ಜೊತೆಗಿರುವ ದೇವರ ವಾಕ್ಯ, ಆ ವಾಕ್ಯವನ್ನು ಹಿಡಿದ ನಂಬಿಕೆ ಮಾಡುತ್ತದೆ. ದೀಕ್ಷಾಸ್ನಾನ ಮನುಷ್ಯನ ಕ್ರಿಯೆ ಅಲ್ವಾ ಅಂತ ಕೇಳಿದವರಿಗೆ ಅವನ ಉತ್ತರ: ಅದು ದೇವರ ಕ್ರಿಯೆ, ನಮ್ಮದಲ್ಲ.

ಜೂರಿಕ್‌ನ ಸುಧಾರಕ ಜ್ವಿಂಗ್ಲಿ ಮಾತ್ರ ಎದುರು ದಿಕ್ಕಿಗೆ ಹೋದ. ನೀರಿಗೆ ಪಾಪ ತೊಳೆಯುವ ಶಕ್ತಿಯಿಲ್ಲ, ಈ ವಿಷಯದಲ್ಲಿ ಅಪೊಸ್ತಲರ ಕಾಲದಿಂದ ಇಲ್ಲಿಯವರೆಗೆ ಎಲ್ಲಾ ಪಂಡಿತರೂ ತಪ್ಪಿದ್ದಾರೆ ಅಂತ 1525ರಲ್ಲಿ ಬರೆದ. ಧೈರ್ಯ ಮೆಚ್ಚಬೇಕು. ಅವನಿಗೆ ಅದೊಂದು ಗುರುತು. ಆದರೂ ಶಿಶುಗಳಿಗೆ ಕೊಡುವುದನ್ನು ಬಿಡಲಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಎಂಟನೇ ದಿನದ ಸುನ್ನತಿ ಇತ್ತಲ್ಲ, ಅದರ ಜಾಗದಲ್ಲಿ ಇದು ಅಂದ. ಅವನ ಜೊತೆಗಿದ್ದ ಯುವಕರು ಕೇಳಿದರು: ಬರೀ ಗುರುತಾದರೆ ಯಾವುದರ ಗುರುತು? ನಂಬಿಕೆಯದ್ದಾದರೆ ನಂಬಿಕೆ ಇರುವವನಿಗೆ ತಾನೇ ಹಾಕಬೇಕು? 1525ರ ಜನವರಿ 21ರಂದು ಫೆಲಿಕ್ಸ್ ಮಾಂಟ್ಸ್‌ನ ಮನೆಯಲ್ಲಿ ಕಾನ್ರಾಡ್ ಗ್ರೇಬೆಲ್ ಇನ್ನೊಬ್ಬ ವಿಶ್ವಾಸಿಗೆ ದೀಕ್ಷಾಸ್ನಾನ ಕೊಟ್ಟ. ಅನಾಬ್ಯಾಪ್ಟಿಸ್ಟ್, ಅಂದರೆ ಮತ್ತೆ ದೀಕ್ಷಾಸ್ನಾನ ಕೊಡುವವರ, ಚಳವಳಿ ಶುರುವಾಯಿತು. ಅಂದಹಾಗೆ ಅಲ್ಲಿ ಯಾರೂ ಮುಳುಗಲಿಲ್ಲ, ತಲೆಗೆ ಸುರಿದರು.

ಎರಡೇ ವರ್ಷದಲ್ಲಿ, 1527ರ ಜನವರಿ 5ರಂದು, ಜೂರಿಕ್ ನಗರಸಭೆ ಮಾಂಟ್ಸ್‌ನ ಕೈಕಾಲು ಕಟ್ಟಿಸಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ಮತ್ತೆ ನೀರು ಬೇಕೆಂದವನಿಗೆ ನೀರೇ ಶಿಕ್ಷೆ. ಇಷ್ಟು ಕೋಪ ಯಾಕೆ? ಆ ಊರಿನಲ್ಲಿ ಹುಟ್ಟಿದ ಪ್ರತಿ ಮಗುವಿಗೂ ದೀಕ್ಷಾಸ್ನಾನ ಆಗುತ್ತಿತ್ತು. ಊರೂ ಸಭೆಯೂ ಬೇರೆ ಬೇರೆ ಆಗಿರಲಿಲ್ಲ. ಹುಟ್ಟಿದ್ದಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ ಅಂದರೆ ಊರಿನ ಬುಡವೇ ಅಲ್ಲಾಡುತ್ತದೆ.

ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ನಡುವಿನ ದಾರಿ ಹುಡುಕಿದ. ಅವನ ಪ್ರಕಾರ ಅದು ದೇವರ ಮಾತಿನ ಮೇಲೆ ಒತ್ತಿದ ಮುದ್ರೆ. ವಿಶ್ವಾಸಿಗಳ ಮಕ್ಕಳನ್ನು ದೇವರು ಹುಟ್ಟುವ ಮುಂಚೆಯೇ ಒಪ್ಪಿಕೊಂಡಿದ್ದಾನೆ, ಆದ್ದರಿಂದ ಸೂಲಗಿತ್ತಿಯರು ಗಾಬರಿಯಿಂದ ನೀರು ಹಾಕುವುದು ಬೇಡ ಅಂದ. ಮಗುವಿಗೆ ಕೊಡಬೇಕು, ಆದರೆ ಅದಿಲ್ಲದೆ ಸತ್ತರೆ ರಕ್ಷಣೆಗೇನೂ ಕುಂದಿಲ್ಲ. ಸಿಎಸ್‌ಐನಂಥ ಸಭೆಗಳಲ್ಲಿ ಇವತ್ತು ಕೇಳುವ ಮಾತಿನ ಒಂದು ಬೇರು ಇಲ್ಲಿದೆ.

ನಮ್ಮ ಮದುವೆಗಳನ್ನು ನೆನೆಸಿಕೊಂಡರೆ ಈ ವ್ಯತ್ಯಾಸ ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ. ಕಥೋಲಿಕರಿಗೆ, ಆರ್ಥೊಡಾಕ್ಸರಿಗೆ, ಲೂಥರನ್ನರಿಗೆ ದೀಕ್ಷಾಸ್ನಾನ ಅಂದರೆ ಧಾರೆ. ನೀರು ಬಿದ್ದಾಗ ಮದುವೆ ಆಯಿತು. ಬ್ಯಾಪ್ಟಿಸ್ಟರಿಗೆ, ಬ್ರೆದರನ್ನರಿಗೆ, ಹೆಚ್ಚಿನ ಪೆಂತೆಕೋಸ್ತರಿಗೆ ಅದು ರಿಸೆಪ್ಷನ್. ಮದುವೆ ಆಗಲೇ ಆಗಿದೆ, ಈಗ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದೇವೆ. ಯೇಸು ಹೇಳಿದ್ದರಿಂದ ಮಾಡಲೇಬೇಕು, ಮಾಡದಿದ್ದರೆ ಅವಿಧೇಯತೆ, ಆದರೆ ರಕ್ಷಣೆ ಬಂದಿದ್ದು ನಂಬಿದ ಕ್ಷಣದಲ್ಲಿ. ಮೊದಲಿನವರು ಎರಡನೇ ಸಲ ಧಾರೆ ಎರೆಯಲು ಒಪ್ಪುವುದಿಲ್ಲ. ಎರಡನೆಯವರ ಕಣ್ಣಿಗೆ ಶಿಶು ದೀಕ್ಷಾಸ್ನಾನ ಅಂದರೆ ವಧುವರರಿಲ್ಲದ ರಿಸೆಪ್ಷನ್. ಬೆಂಗಳೂರಿನ ಆ ಪಾಸ್ಟರ್ ಇದನ್ನು ಮತ್ತೊಮ್ಮೆ ಅಂತ ಕರೆಯದೆ ಮೊ‍ದಲನೇ ಸಲ ಅನ್ನುವುದು ಅದಕ್ಕೇ. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ಸಭೆಗಳ ವಿಶ್ವ ಮಂಡಳಿಯ ವಿದ್ವಾಂಸರು ದೀಕ್ಷಾಸ್ನಾನ ಮರಳಿ ಮಾಡಬಾರದು ಅಂತ ಒಂದು ಒಪ್ಪಂದದ ಬರಹ ತಂದರು. ಎರಡೂ ಕಡೆಯವರು ಆ ವಾಕ್ಯಕ್ಕೆ ತಲೆಯಾಡಿಸಬಹುದು, ಯಾವುದನ್ನು ದೀಕ್ಷಾಸ್ನಾನ ಅಂತ ಎಣಿಸುತ್ತೀರಿ ಅನ್ನುವುದೇ ಬೇರೆ ಆದ್ದರಿಂದ.

ಈ ಎರಡು ದಾರಿಗೂ ಸರಿಯಾಗಿ ಹೊಂದದವರೂ ಇದ್ದಾರೆ. ಅಮೆರಿಕದ ಅಲೆಕ್ಸಾಂಡರ್ ಕ್ಯಾಂಪ್‌ಬೆಲ್ ಅವರ ಚಳವಳಿಯಿಂದ ಬೆಳೆದ ಚರ್ಚಸ್ ಆಫ್ ಕ್ರೈಸ್ಟ್ ಸಭೆಗಳು ಶಿಶುಗಳಿಗೆ ಕೊಡುವುದಿಲ್ಲ, ಮುಳುಗಿಸುತ್ತವೆ. ಜೊತೆಗೆ, ಪಾಪಕ್ಷಮೆ ಸಿಗುವುದು ಅಲ್ಲೇ ಅನ್ನುತ್ತವೆ. ಒನ್‌ನೆಸ್ ಪೆಂತೆಕೋಸ್ತರು ತ್ರಯೇಕ ಸೂತ್ರವನ್ನೂ ಬಿಟ್ಟು, ಅಪೊಸ್ತಲರ ಕೃತ್ಯಗಳು 2:38ರ ಹಾಗೆ ಯೇಸುವಿನ ಹೆಸರಿನಲ್ಲೇ ಆಗಬೇಕು ಅನ್ನುತ್ತಾರೆ. ಆಚೆ ತುದಿಯಲ್ಲಿ ಕ್ವೇಕರರಿದ್ದಾರೆ, ಸಾಲ್ವೇಶನ್ ಆರ್ಮಿ ಇದೆ. ಇವರಲ್ಲಿ ದೀಕ್ಷಾಸ್ನಾನವೇ ಇಲ್ಲ. ಸಾಲ್ವೇಶನ್ ಆರ್ಮಿ 1883ರಲ್ಲಿ ಸಂಸ್ಕಾರಗಳನ್ನು ಕೈಬಿಟ್ಟಿತು.

ನಮ್ಮ ನೆಲದಲ್ಲಿ ನೀರಿನ ಬೆಲೆ

1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಷನ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಹಿಂದಿನ ವರ್ಷವಷ್ಟೇ ‘ಮಂಗಳೂರ ಸಮಾಚಾರ’ ಶುರು ಮಾಡಿದ್ದ ಹರ್ಮನ್ ಮೋಗ್ಲಿಂಗ್ ಅವರ ಗುರು. ಗುರುವಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಅವರು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ಊರಿನಲ್ಲಿ ದೊಡ್ಡ ಗಲಾಟೆಯಾಯಿತು. ಮಿಷನ್ ಶಾಲೆಗೆ ಹೋಗಿ ಬೈಬಲ್ ಕೇಳಿದ್ದನ್ನು ಊರು ಸಹಿಸಿತ್ತು, ನೀರು ಮುಟ್ಟಿದ್ದನ್ನು ಸಹಿಸಲಿಲ್ಲ. ಜಾತಿ, ಮನೆ, ಊಟದ ಪಂಕ್ತಿ ಎಲ್ಲಾ ಕಡಿದುಹೋಗುವುದು ಅಲ್ಲೇ ಅಂತ ಎರಡೂ ಕಡೆಯವರಿಗೆ ಗೊತ್ತಿತ್ತು.

ಹಾಗಾಗಿ ಭಾರತದಲ್ಲಿ ಈ ಪ್ರಶ್ನೆ ಬೇರೆ ಥರ ಬಂತು. ಯೇಸುವನ್ನು ನಂಬುತ್ತೇನೆ, ಆದರೆ ನನ್ನ ಜನರನ್ನು ಬಿಟ್ಟು ಇನ್ನೊಂದು ಜಾತಿಯಂಥ ಗುಂಪಿಗೆ ಯಾಕೆ ಸೇರಬೇಕು ಅಂತ ಕೇಳಿದವರಿದ್ದಾರೆ. ಆಂಧ್ರದ ಶಾಲಾ ಮುಖ್ಯೋಪಾಧ್ಯಾಯ ಕೆ. ಸುಬ್ಬರಾವ್ 1940ರ ದಶಕದಿಂದ ಕ್ರಿಸ್ತನ ಭಕ್ತರಾಗಿ ದೊಡ್ಡ ಬಳಗ ಕಟ್ಟಿದರು. ದೀಕ್ಷಾಸ್ನಾನವನ್ನು ಕಟುವಾಗಿ ವಿರೋಧಿಸಿದರು. 1970ರ ದಶಕದಲ್ಲಿ ಕೇರಳದ ಚಿಂತಕ ಎಂ.ಎಂ. ಥಾಮಸ್, ಹಿಂದೂ ಸಮಾಜದ ಒಳಗೇ ಉಳಿದು ಕ್ರಿಸ್ತನನ್ನು ಕೇಂದ್ರವಾಗಿಟ್ಟುಕೊಂಡ ಒಂದು ಬಳಗ ಸಾಧ್ಯವಿಲ್ಲವಾ ಅಂತ ಕೇಳಿದರು. ಸಿಎಸ್‌ಐ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಒಪ್ಪಲಿಲ್ಲ. ಕ್ರಿಸ್ತನಿಗೆ ಸೇರಿದವರು ಕಣ್ಣಿಗೆ ಕಾಣುವ ಒಂದು ಸಮುದಾಯವಾಗಿ ಇರಲೇಬೇಕು ಅಂದರು. ನನಗೆ ಥಾಮಸರ ಪ್ರಶ್ನೆ ಜಾಸ್ತಿ ಪ್ರಾಮಾಣಿಕ ಅನಿಸುತ್ತದೆ, ನ್ಯೂಬಿಗಿನ್ನರ ಉತ್ತರ ಜಾಸ್ತಿ ಬೈಬಲ್‌ಗೆ ಹತ್ತಿರ ಅನಿಸುತ್ತದೆ. ಕೊರ್ನೇಲ್ಯನಿಗೆ ಆತ್ಮ ಸಿಕ್ಕ ಮೇಲೂ ಪೇತ್ರ ನೀರು ತರಿಸಿದ್ದನಲ್ಲ.

ದಲಿತರಿಗೆ ಇದರ ಜೊತೆ ಕಾನೂನಿನ ಭಾರವೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ ಧರ್ಮದವರಿಗೆ ಮಾತ್ರ ಎಸ್‌ಸಿ ಸ್ಥಾನ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನು ಸೇರಿಸಿಲ್ಲ. 1967ರಲ್ಲಿ ಕೆಜಿಎಫ್ ಮೀಸಲು ಕ್ಷೇತ್ರದಲ್ಲಿ ಗೆದ್ದ ಎಸ್. ರಾಜಗೋಪಾಲ್ ಅವರ ಆಯ್ಕೆ, ಅವರು ಹಿಂದೆ ಕ್ರೈಸ್ತರಾಗಿದ್ದರು ಅನ್ನುವ ಕಾರಣಕ್ಕೆ ಬಿದ್ದುಹೋಯಿತು. 1972ರಲ್ಲಿ ಮತ್ತೆ ಗೆದ್ದಾಗಲೂ ಕೇಸು ನಡೆಯಿತು. ಹಿಂದೂ ಧರ್ಮಕ್ಕೆ ಮರಳಿದ್ದಾರೆ, ಜಾತಿಯವರು ಒಪ್ಪಿಕೊಂಡಿದ್ದಾರೆ ಅಂತ ಸುಪ್ರೀಂ ಕೋರ್ಟ್ 1975ರಲ್ಲಿ ಆ ಆಯ್ಕೆಯನ್ನು ಉಳಿಸಿತು. ಇಂಥ ಕೇಸುಗಳಲ್ಲಿ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್ ಕೋರ್ಟಿನ ಸಾಕ್ಷಿಯಾಗಿಬಿಡುತ್ತದೆ.

ಆದ್ದರಿಂದ ನಮ್ಮ ಕಡೆ ದಲಿತ ವಿಶ್ವಾಸಿಯೊಬ್ಬ ನೀರು ಬೇಕೇ ಬೇಕಾ ಅಂತ ಕೇಳಿದರೆ ಅದನ್ನು ಬರೀ ದೈವಶಾಸ್ತ್ರದ ಪ್ರಶ್ನೆ ಅಂತ ತಗೊಳ್ಳಲಾಗದು. ಮಗಳ ಕಾಲೇಜು ಸೀಟು, ಸರ್ಕಾರಿ ಕೆಲಸ ಅದರಲ್ಲಿ ಸೇರಿರುತ್ತವೆ. ಕಥೋಲಿಕ ಗುರು ಅವನಿಗೆ ಬಯಕೆಯ ದೀಕ್ಷಾಸ್ನಾನದ ಮಾತು ಹೇಳಬಹುದು, ಆದರೆ ಬಯಸಿಯೂ ಎಷ್ಟು ವರ್ಷ ಮುಂದೂಡಬಹುದು ಅಂತ ಅವನು ತಿರುಗಿ ಕೇಳಿದರೆ ಕಷ್ಟ. ಬ್ಯಾಪ್ಟಿಸ್ಟ್ ಪಾಸ್ಟರ್ ನಿನಗೆ ರಕ್ಷಣೆ ಆಗಿದೆ, ಈಗ ವಿಧೇಯತೆ ತೋರಿಸು ಅನ್ನಬಹುದು. ಆ ವಿಧೇಯತೆಗೆ ಪಾಸ್ಟರ್ ತೆತ್ತ ಬೆಲೆ ಎಷ್ಟು, ಇವನು ತೆರಬೇಕಾದ ಬೆಲೆ ಎಷ್ಟು ಅನ್ನುವುದು ಇಬ್ಬರಿಗೂ ಗೊತ್ತಿರುತ್ತದೆ.